ಹಳೆಯ ಹಾಯಿದೋಣಿ ಸೋರುತ್ತಿದೆಯೇ? ನೀರಿನ ದಾರಿ ಹುಡುಕಿ ಮುಚ್ಚುವ ಸಮಗ್ರ ಮಾರ್ಗದರ್ಶಿ

2023ರ ಜನವರಿ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತ ಒಂದರ ಹಿಂದೆ ಒಂದು ಮಳೆ ಬಂದು ಅಪ್ಪಳಿಸುತ್ತಿತ್ತು. ಬರ್ಕ್ಲಿ ಮರೀನಾದಲ್ಲಿ (ದೋಣಿ ನಿಲ್ಲಿಸುವ ತಾಣ) ಕಟ್ಟಿದ್ದ ನಮ್ಮ ದೋಣಿಯ ಹ್ಯಾಚ್, ಅಂದರೆ ಮೇಲಿನ ಮುಚ್ಚಳ, ತೆಗೆದರೆ ಮುಗ್ಗಲು ವಾಸನೆ. ಎಡಗಡೆಯ ಹಾಸಿಗೆ ಪೂರ್ತಿ ತೊಯ್ದಿತ್ತು. ಅದರ ಮೇಲೆ ಕಿಟಕಿ, ಕಿಟಕಿಯ ಕೆಳಮೂಲೆಯಲ್ಲಿ ಹನಿ. ಮಳೆ ಬಿಟ್ಟ ದಿನ ಕಿಟಕಿಯ ಸುತ್ತ ಸೀಲಂಟ್ (ಸಂದು ಮುಚ್ಚುವ ಅಂಟು) ಹಚ್ಚಿದೆ. ಮುಂದಿನ ಮಳೆಗೆ ಅದೇ ಜಾಗದಲ್ಲಿ ಅಷ್ಟೇ ನೀರು.

ಕೊನೆಗೆ ಲೈನರ್, ಅಂದರೆ ಒಳಗೋಡೆಯ ಹೊದಿಕೆ, ಬಿಚ್ಚಿ ಟಾರ್ಚ್ ಬಿಟ್ಟು ನೋಡಿದೆ. ಕಿಟಕಿಗೆ ಏನೂ ಆಗಿರಲಿಲ್ಲ. ನೀರು ಒಳಗೆ ಬರುತ್ತಿದ್ದದ್ದು ಅಲ್ಲಿಂದ ನಾಲ್ಕು ಅಡಿ ಮುಂದೆ, ಡೆಕ್ (ದೋಣಿಯ ಮೇಲಿನ ನೆಲ) ಅಂಚಿನ ಬೇಲಿ ಕಂಬದ ಬೋಲ್ಟ್ ತೂತಿನಿಂದ. ಅಲ್ಲಿಂದ ಡೆಕ್ಕಿನ ಅಡಿಭಾಗಕ್ಕೆ ಅಂಟಿಕೊಂಡು ಹಿಂದಕ್ಕೆ ಹರಿದು, ಕಿಟಕಿಯ ಚೌಕಟ್ಟು ತಡೆದ ಕಡೆ ಹನಿಯಾಗಿ ಬೀಳುತ್ತಿತ್ತು.

ಮಲೆನಾಡಿನ ಹಂಚಿನ ಮನೆಯಲ್ಲಿ ಬೆಳೆದವರಿಗೆ ಇದು ಗೊತ್ತಿರುವ ವಿಷಯವೇ. ಹನಿ ಬೀಳುವ ಜಾಗದ ನೇರ ಮೇಲೆ ಒಡೆದ ಹಂಚು ಇರುವುದಿಲ್ಲ. ಅಜ್ಜ ಮಳೆ ಸುರಿಯುತ್ತಿರುವಾಗಲೇ ಅಟ್ಟಕ್ಕೆ ಹತ್ತಿ, ಪಕಾಸಿಯ ಮೇಲಿನ ಒದ್ದೆ ಗೆರೆ ಹಿಡಿದು ಮೇಲಕ್ಕೆ ಹೋಗುತ್ತಿದ್ದರು. ಒಡೆದ ಹಂಚು ಮೂರು ನಾಲ್ಕು ರೀಪಿನಾಚೆ ಸಿಗುತ್ತಿತ್ತು. ದೋಣಿಯಲ್ಲೂ ಇದೇ ಕೆಲಸ. ಮೊದಲು ನೀರಿನ ದಾರಿ ಹಿಡಿಯಬೇಕು. ಸೀಲಂಟಿನ ಟ್ಯೂಬ್ ಕೊನೆಗೆ ಕೈಗೆ ಬರಬೇಕು.

ಇಲ್ಲಿ ಹೇಳುವುದು 1960ರಿಂದ 80ರ ದಶಕದ ಫೈಬರ್‌ಗ್ಲಾಸ್ ಹಾಯಿದೋಣಿಗಳ ಬಗ್ಗೆ. ಕ್ಯಾಲಿಫೋರ್ನಿಯಾದ ಯಾವ ಮರೀನಾಕ್ಕೆ ಹೋದರೂ ಇವು ಸಾಲಾಗಿ ಕಾಣುತ್ತವೆ. 1971ರಲ್ಲಿ ಶುರುವಾದ ಕ್ಯಾಟಲಿನಾ 27 ಒಂದೇ 6,000ಕ್ಕೂ ಜಾಸ್ತಿ ತಯಾರಾಗಿದೆ. ಇವುಗಳ ಫೈಬರ್‌ಗ್ಲಾಸ್ ಮೈ ಇನ್ನೂ ಗಟ್ಟಿ. ಸೋತಿರುವುದು ಸೀಲಂಟ್, ರಬ್ಬರ್ ಮತ್ತು ಹೋಸ್ ಪೈಪ್. ಅವುಗಳ ಆಯಸ್ಸು ಹತ್ತು, ಹೆಚ್ಚೆಂದರೆ ಇಪ್ಪತ್ತು ವರ್ಷ. ಐವತ್ತು ವರ್ಷದ ದೋಣಿ ಸೋರಿದರೆ ಗಾಬರಿ ಬೇಡ.

ಮೊದಲ ಕೆಲಸ: ಯಾವ ನೀರು?

ದೋಣಿಯ ತಳದಲ್ಲಿ ನೀರು ಸೇರುವ ಗುಂಡಿಗೆ ಬಿಲ್ಜ್ ಎನ್ನುತ್ತಾರೆ. ಎಲ್ಲ ಸೋರಿಕೆಯೂ ಕೊನೆಗೆ ಬಂದು ಸೇರುವುದು ಅಲ್ಲಿಗೇ. ಅಲ್ಲಿರುವುದು ಸಮುದ್ರದ ನೀರೋ ಸಿಹಿ ನೀರೋ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಬೆರಳಲ್ಲಿ ಅದ್ದಿ ರುಚಿ ನೋಡುವವರಿದ್ದಾರೆ. ಬಿಲ್ಜ್ ನೀರಲ್ಲಿ ಡೀಸೆಲ್, ಕೊಳೆ ಎಲ್ಲ ಇರುತ್ತದೆ, ಬಾಯಿಗೆ ಹಾಕಬೇಡಿ. ನಮ್ಮೂರಲ್ಲಿ ಆರ್‌ಒ ಫಿಲ್ಟರ್ ಹಾಕುವವರು ಜೇಬಿಂದ ನೀರಲ್ಲಿ ಕರಗಿದ ಲವಣ ಅಳೆಯುವ ಒಂದು ಟಿಡಿಎಸ್ ಪೆನ್ ತೆಗೆದು ಬೋರ್‌ವೆಲ್ ನೀರಿಗೆ ಅದ್ದಿ ತೋರಿಸುತ್ತಾರಲ್ಲ, ಅದೇ ಪೆನ್ ಸಾಕು. ಕುಡಿಯುವ ನೀರಿಗೆ ಅದು ಕೆಲವು ನೂರರ ಒಳಗಿನ ಅಂಕಿ ತೋರಿಸುತ್ತದೆ. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, ಅಂದರೆ 35,000 ಪಿಪಿಎಂ (ಹತ್ತು ಲಕ್ಷಕ್ಕೆ 35,000 ಪಾಲು). ಪೆನ್ನಿನ ಅಳತೆಯೇ ಮೀರಿಹೋಗುತ್ತದೆ. ಪೆನ್ ಇಲ್ಲವೇ? ಹಳೆಯ ಚಮಚದಲ್ಲಿ ಸ್ವಲ್ಪ ನೀರು ಹಾಕಿ ಒಲೆಯ ಮೇಲೆ ಪೂರ್ತಿ ಬತ್ತಿಸಿ. ಬಿಳಿ ಉಪ್ಪು ದಪ್ಪಗೆ ಉಳಿದರೆ ಸಮುದ್ರದ ನೀರು. ಡೀಸೆಲ್ ವಾಸನೆ ಇರುವ ನೀರನ್ನು ಮಾತ್ರ ಒಲೆಯ ಹತ್ತಿರ ತರಬೇಡಿ.

ಒಂದು ಎಚ್ಚರಿಕೆ. ಹಳೆಯ ಬಿಲ್ಜಿನಲ್ಲಿ ವರ್ಷಗಟ್ಟಲೆಯ ಉಪ್ಪು ಕೂತಿರುತ್ತದೆ. ಅದರ ಮೇಲೆ ಮಳೆ ನೀರು ಬಿದ್ದರೂ ಉಪ್ಪಾಗುತ್ತದೆ. ಹಾಗಾಗಿ ಮೊದಲು ಬಿಲ್ಜನ್ನು ಸಿಹಿ ನೀರಲ್ಲಿ ತೊಳೆದು, ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಿ. ಆಮೇಲೆ ಬರುವ ಹೊಸ ನೀರನ್ನು ಪರೀಕ್ಷಿಸಿ. ತೊಳೆದ ನೀರಲ್ಲಿ ಎಣ್ಣೆಯ ಪೊರೆ ಕಂಡರೆ ಹೀರುವ ಪ್ಯಾಡ್ ಹಾಕಿ ತೆಗೆಯಿರಿ. ಎಣ್ಣೆ ಬೆರೆತ ನೀರನ್ನು ಕೊಲ್ಲಿಗೆ ಪಂಪ್ ಮಾಡುವುದು ಕಾನೂನಿಗೆ ವಿರುದ್ಧ, ಮೀನಿಗೂ ಹಾನಿ.

ನಂತರ ನೋಡಬೇಕಾದ್ದು ಸಮಯ. ಒಂದು ನೋಟ್‌ಬುಕ್ ಇಟ್ಟು ನೀರು ಕಂಡ ದಿನ, ಎಷ್ಟು ಲೀಟರ್, ಹಿಂದಿನ ದಿನ ಏನಾಗಿತ್ತು ಎಂದು ಬರೆಯಿರಿ. ಮಳೆ ಬಂದಾಗ ಮಾತ್ರ ಬರುತ್ತದೆಯೇ? ಹಾಗಾದರೆ ಡೆಕ್, ಕಿಟಕಿ, ಹ್ಯಾಚ್ ಅಥವಾ ಹಾಯಿಕಂಬ. ಎಂಜಿನ್ ಓಡಿಸಿದಾಗ ಮಾತ್ರವೇ? ಪ್ರೊಪೆಲ್ಲರ್ ಶಾಫ್ಟಿನ ಸೀಲ್, ಎಂಜಿನ್ ತಂಪು ಮಾಡುವ ನೀರಿನ ಪಂಪ್ ಅಥವಾ ಎಕ್ಸಾಸ್ಟ್ ಹೋಸ್. ಗಾಳಿಗೆ ದೋಣಿ ಒಂದು ಕಡೆ ವಾಲಿದಾಗ ಮಾತ್ರವೇ? ಡೆಕ್ ಮತ್ತು ಹಲ್ (ನೀರಲ್ಲಿ ಕೂರುವ ದೋಣಿಯ ಮೈ) ಸೇರುವ ಜೋಡಣೆಯನ್ನು ಮೊದಲು ಅನುಮಾನಿಸಿ. ಸಿಹಿ ನೀರು, ಆದರೆ ಮಳೆಯೇ ಇಲ್ಲ ಅಂದರೆ ಕುಡಿಯುವ ನೀರಿನ ಟ್ಯಾಂಕ್. ರಾತ್ರಿ ಯಾರೂ ನಲ್ಲಿ ತಿರುಗಿಸದಿದ್ದರೂ ನೀರಿನ ಪಂಪ್ ಆಗಾಗ ಗುರ್ ಎಂದರೆ ಪೈಪ್ ಎಲ್ಲೋ ಬಿಟ್ಟಿದೆ. ಟ್ಯಾಂಕಿಗೆ ಅಡುಗೆಯ ಬಣ್ಣ ಸ್ವಲ್ಪ ಹಾಕಿ ನೋಡಿ, ಬಿಲ್ಜಲ್ಲಿ ಬಣ್ಣ ಕಂಡರೆ ಸಂಶಯವೇ ಉಳಿಯುವುದಿಲ್ಲ. ಐಸ್ ಪೆಟ್ಟಿಗೆಯ ನೀರು ನೇರ ಬಿಲ್ಜಿಗೆ ಹೋಗುವ ದೋಣಿಗಳೂ ಉಂಟು. ಅದನ್ನು ಸೋರಿಕೆ ಎಂದು ಹುಡುಕಿ ದಣಿಯಬೇಡಿ.

ಚಳಿಗಾಲದಲ್ಲಿ ಒಳಗೆ ಮಲಗಿದರೆ ಉಸಿರಿನ ಆವಿಯೂ ತಣ್ಣಗಿನ ಹಲ್‌ಗೆ ತಾಗಿ ಹನಿಯಾಗುತ್ತದೆ. ಎಲ್ಲ ಕಡೆ ಸಮವಾಗಿ ಒದ್ದೆ ಇದ್ದರೆ ಅದು ಆವಿ. ಒಂದೇ ಕಡೆ ಗೆರೆಯಾಗಿ ಇದ್ದರೆ ಸೋರಿಕೆ.

ಉಪ್ಪು ನೀರಾದರೆ ಬೇರೆಲ್ಲ ಬಿಟ್ಟು ಇದನ್ನು ನೋಡಿ

ಮಳೆ ನೀರು ಹಾಸಿಗೆ ಹಾಳುಮಾಡುತ್ತದೆ. ಸಮುದ್ರದ ನೀರು ದೋಣಿಯನ್ನೇ ಮುಳುಗಿಸುತ್ತದೆ. ನೀರಿನ ಮಟ್ಟದಿಂದ ಅರ್ಧ ಮೀಟರ್ ಕೆಳಗೆ ಒಂದು ಅಂಗುಲದ ತೂತಾದರೆ ನಿಮಿಷಕ್ಕೆ 50 ಲೀಟರಿಗೂ ಜಾಸ್ತಿ ನೀರು ನುಗ್ಗುತ್ತದೆ. ಬಿಲ್ಜ್ ಪಂಪಿನ ಮೇಲೆ ಬರೆದ ಸಾಮರ್ಥ್ಯವನ್ನು ನಂಬಿ ಕೂರಬೇಡಿ. ನೀರನ್ನು ಮೇಲೆತ್ತಿ, ಉದ್ದದ ಹೋಸಿನಲ್ಲಿ ತಳ್ಳುವಾಗ ಆ ಅಂಕಿ ಬಹಳ ಇಳಿಯುತ್ತದೆ.

ಹಲ್‌ನಲ್ಲಿ ಬೇಕೆಂದೇ ಮಾಡಿದ ತೂತುಗಳಿವೆ. ಸಿಂಕಿನ ನೀರು ಹೊರಹೋಗಲು, ಎಂಜಿನ್ನಿಗೆ ನೀರು ಬರಲು, ಟಾಯ್ಲೆಟ್ಟಿಗೆ. ಇವಕ್ಕೆ ಥ್ರೂ-ಹಲ್ ಎನ್ನುತ್ತಾರೆ. ಅದರ ಮೇಲೆ ಕೂರುವ ವಾಲ್ವ್ ಸೀಕಾಕ್. ಒಂದೊಂದನ್ನೂ ಮುಟ್ಟಿ ನೋಡಿ. ಒಣ ಟಿಶ್ಯೂ ಪೇಪರ್ ಸುತ್ತಿ ಹತ್ತು ನಿಮಿಷ ಬಿಡಿ. ಕಣ್ಣಿಗೆ ಕಾಣದ ಜಿನುಗನ್ನು ಪೇಪರ್ ತೋರಿಸುತ್ತದೆ. ವಾಲ್ವನ್ನು ಮುಚ್ಚಿ ತೆರೆಯಿರಿ. ಅಲುಗದಿದ್ದರೆ ಬಲ ಹಾಕಬೇಡಿ, ನೀರಲ್ಲಿರುವಾಗ ಅದು ಮುರಿದರೆ ಕಷ್ಟ.

ಹಳೆಯ ದೋಣಿಗಳಲ್ಲಿ ಸರಿಯಾದ ಸೀಕಾಕ್ ಬದಲು ಮನೆಯ ತೋಟಕ್ಕೆ ಹಾಕುವಂಥ ಹಿತ್ತಾಳೆಯ ಗೇಟ್ ವಾಲ್ವ್ ಇರುವುದು ಸಾಮಾನ್ಯ. ಹಿತ್ತಾಳೆಯಲ್ಲಿ ಸತು ಇದೆ. ಉಪ್ಪು ನೀರಿಗೆ ಸತು ಕರಗಿಹೋಗಿ ತಾಮ್ರ ಮಾತ್ರ ಉಳಿಯುತ್ತದೆ. ಆಗ ಲೋಹ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಬಿಸ್ಕೆಟ್ಟಿನ ಹಾಗೆ ಪುಡಿಯಾಗುತ್ತದೆ. ಒಂದು ಮೂಲೆಯನ್ನು ಉಜ್ಜಿ ನೋಡಿ. ಗುಲಾಬಿ ಕಂಡರೆ ದೋಣಿಯನ್ನು ನೀರಿಂದ ಮೇಲೆತ್ತಿಸಿ ಕಂಚಿನ ಅಥವಾ ಮ್ಯಾರಲಾನ್ ಪ್ಲಾಸ್ಟಿಕ್ಕಿನ ಸೀಕಾಕ್ ಹಾಕಿಸಿ. ಅಮೆರಿಕದಲ್ಲಿ ದೋಣಿ ಕಟ್ಟುವವರು ಪಾಲಿಸುವ ಎಬಿವೈಸಿ ಮಾನದಂಡದ ಪ್ರಕಾರ ಸೀಕಾಕ್ 500 ಪೌಂಡ್ ಭಾರವನ್ನು 30 ಸೆಕೆಂಡ್ ತಡೆಯಬೇಕು. ಯಾರಾದರೂ ಕಾಲಿಟ್ಟರೆ, ಪೆಟ್ಟಿಗೆ ಬಿದ್ದರೆ ಮುರಿಯಬಾರದು ಎಂದು ಈ ನಿಯಮ. ಅಲ್ಲಿಯವರೆಗೆ ಪ್ರತಿ ವಾಲ್ವಿನ ಪಕ್ಕ ಅದರ ಅಳತೆಗೆ ಸರಿಹೊಂದುವ ಮೊನಚಾದ ಮರದ ಬೆಣೆ ಕಟ್ಟಿಡಿ. ಕತ್ತಲಲ್ಲಿ ಹುಡುಕುವ ಹಾಗಿರಬಾರದು.

ಹೋಸನ್ನು ಬಿಗಿಹಿಡಿಯುವ ಕ್ಲಾಂಪಿಗೆ ಒಂದು ಆಯಸ್ಕಾಂತ ಹಿಡಿದು ನೋಡಿ. ಪಟ್ಟಿ ಸ್ಟೇನ್‌ಲೆಸ್ ಇದ್ದರೂ ಸ್ಕ್ರೂ ಸಾದಾ ಕಬ್ಬಿಣದ್ದು ಇರಬಹುದು. ಗಟ್ಟಿಯಾಗಿ ಅಂಟಿಕೊಂಡರೆ ಅದನ್ನು ಬದಲಿಸಿ. ನೀರಿನ ಮಟ್ಟದ ಕೆಳಗಿನ ಪ್ರತಿ ಜೋಡಣೆಗೆ ಎರಡು ಕ್ಲಾಂಪ್ ಹಾಕಿ.

ಎಂಜಿನ್ ಒಳಗೇ ಇರುವ ದೋಣಿಯಾದರೆ ಶಾಫ್ಟ್ ಹೊರಗೆ ಹೋಗುವ ಕಡೆ ಸ್ಟಫಿಂಗ್ ಬಾಕ್ಸ್ ಇರುತ್ತದೆ. ಮೇಣ ಹಚ್ಚಿದ ನಾರಿನ ಹಗ್ಗವನ್ನು ಶಾಫ್ಟಿನ ಸುತ್ತ ಒತ್ತಿ ನೀರು ತಡೆಯುವ ಹಳೆಯ ವಿಧಾನ. ಇದು ಸ್ವಲ್ಪ ಹನಿಯಬೇಕು. ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಎರಡು ಮೂರು ಹನಿ ಸರಿ. ಆ ಹನಿಯೇ ಅದನ್ನು ತಂಪಾಗಿಡುವುದು. ನಿಂತಾಗ ಹನಿ ನಿಲ್ಲಬೇಕು ಅಥವಾ ಬಹಳ ಕಮ್ಮಿಯಾಗಬೇಕು. ಜಾಸ್ತಿ ಹನಿದರೆ ಲಾಕ್ ನಟ್ ಸಡಿಲಿಸಿ, ದೊಡ್ಡ ನಟ್ಟನ್ನು ಸ್ವಲ್ಪವೇ ಬಿಗಿಮಾಡಿ ಮತ್ತೆ ಲಾಕ್ ಮಾಡಿ. ಎಂಜಿನ್ ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿ. ಶಾಫ್ಟ್ ನಿಂತ ಮೇಲಷ್ಟೇ ಬಾಕ್ಸನ್ನು ಕೈಯಿಂದ ಮುಟ್ಟಿ. ಬಿಸಿ ಇದ್ದರೆ ಬಿಗಿ ಜಾಸ್ತಿಯಾಗಿದೆ. ಎಷ್ಟು ಬಿಗಿಮಾಡಿದರೂ ನಿಲ್ಲದಿದ್ದರೆ ಹಗ್ಗ ಸವೆದಿದೆ. ಹೊಸದನ್ನು ಸುರುಳಿಯಾಗಿ ಸುತ್ತಬೇಡಿ. ಒಂದೊಂದು ಬಳೆಯಂತೆ ಓರೆಯಾಗಿ ಕತ್ತರಿಸಿ, ಮೂರು ನಾಲ್ಕು ಬಳೆ ಹಾಕಿ, ಒಂದರ ಬಾಯಿ ಇನ್ನೊಂದರ ಬಾಯಿಗೆ ನೇರ ಬರದಂತೆ ಕೂರಿಸಿ.

ಕೀಲ್, ಅಂದರೆ ದೋಣಿಯ ಅಡಿಗೆ ಬೋಲ್ಟ್ ಹಾಕಿ ಕೂರಿಸಿದ ಭಾರದ ರೆಕ್ಕೆ, ಅದರ ವಿಷಯದಲ್ಲಿ ಮಾತ್ರ ನೀವೇ ಕೈಹಾಕಬೇಡಿ. ಕೀಲ್ ಹಲ್‌ಗೆ ಸೇರುವ ಜಾಗದ ಮುಂತುದಿಯಲ್ಲಿ ಕೆಲವೊಮ್ಮೆ ನಗುವ ಬಾಯಿಯ ಹಾಗೆ ಬಿರುಕು ಬಿಡುತ್ತದೆ. ಹಳೆಯ ಕ್ಯಾಟಲಿನಾಗಳಲ್ಲಿ ಇದು ಎಷ್ಟು ಪರಿಚಿತ ಅಂದರೆ ಅದಕ್ಕೆ ಕ್ಯಾಟಲಿನಾ ಸ್ಮೈಲ್ ಎಂದೇ ಹೆಸರು. ದೋಣಿಯನ್ನು ದಡದಲ್ಲಿ ನಿಲ್ಲಿಸಿ, ಬೋಲ್ಟ್ ಪರೀಕ್ಷಿಸಿ, ಲೆಕ್ಕದ ಪ್ರಕಾರ ಬಿಗಿಮಾಡಿ ಮುಚ್ಚಬೇಕು. ಬಿಲ್ಜಿನಲ್ಲಿ ಕೀಲ್ ಬೋಲ್ಟಿನ ಸುತ್ತ ತುಕ್ಕು ಮತ್ತು ನೀರು ಎರಡೂ ಕಂಡರೆ ದೋಣಿ ಪರೀಕ್ಷಿಸುವ ಸರ್ವೇಯರ್ ಕರೆಯಿರಿ. ಆ ದುಡ್ಡು ದಂಡವಲ್ಲ.

ಮಳೆ ನೀರಾದರೆ ದಾರಿ ಹಿಡಿಯುವುದು ಹೇಗೆ

ಮೊದಲು ಒಳಗಿನಿಂದ ಶುರುಮಾಡಿ. ಲೈನರ್, ಮರದ ಪಟ್ಟಿ, ಬೀರುವಿನ ಹಿಂದಿನ ಹಲಗೆ, ಏನೇನು ಬಿಚ್ಚಲು ಬರುತ್ತದೋ ಬಿಚ್ಚಿ. ಬಿಚ್ಚುವ ಮುಂಚೆ ಫೋಟೊ ತೆಗೆಯಿರಿ. ಸ್ಕ್ರೂಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕಿ ಹೆಸರು ಬರೆಯಿರಿ. ಈಗ ಕಂದು ಗೆರೆ, ಬಿಳಿ ಉಪ್ಪಿನ ಗೆರೆ, ಕಪ್ಪಾದ ಮರ ಎಲ್ಲಿದೆ ನೋಡಿ. ಅದು ಹಳೆಯ ನೀರು ಬರೆದಿಟ್ಟ ನಕ್ಷೆ. ಹೆಚ್ಚಿನ ದೋಣಿಗಳಲ್ಲಿ ಡೆಕ್ ಮೂತಿಯ ಕಡೆಗೆ ಏರಿರುತ್ತದೆ. ಹಾಗಾಗಿ ನೀರು ಕಂಡ ಕಡೆಯಿಂದ ಮುಂದಕ್ಕೆ ಮತ್ತು ಮೇಲಕ್ಕೆ ಹುಡುಕಿ.

ಇನ್ನು ಹೋಸ್ ಪರೀಕ್ಷೆ. ಇಬ್ಬರು ಬೇಕು. ಒಬ್ಬರು ಒಳಗೆ ಟಾರ್ಚ್ ಹಿಡಿದು, ಇನ್ನೊಬ್ಬರು ಡೆಕ್ಕಿನ ಮೇಲೆ. ಒಳಗೆ ಅನುಮಾನವಿರುವ ಕಡೆಯೆಲ್ಲ ಒಣ ಟಿಶ್ಯೂ ಅಂಟಿಸಿ, ಇಲ್ಲವೇ ಬಡಗಿಯ ನೀಲಿ ಸೀಮೆಸುಣ್ಣದ ಪುಡಿ ಉದುರಿಸಿ. ನೀರು ಹಾದ ಕಡೆ ಪುಡಿಯಲ್ಲಿ ಗೆರೆ ಮೂಡುತ್ತದೆ. ಹೊರಗೆ ನೀರನ್ನು ಜೋರಾಗಿ ಎರಚಬೇಡಿ. ಮಳೆಯ ಹಾಗೆ ಸುಮ್ನೆ ಹರಿಯಬಿಡಿ. ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಹೋಗಿ. ಮೊದಲು ಡೆಕ್ಕಿನ ಅಂಚು, ಆಮೇಲೆ ಬೇಲಿ ಕಂಬದ ಬುಡ, ಆಮೇಲೆ ಕಿಟಕಿಯ ಕೆಳಭಾಗ, ಮೇಲ್ಭಾಗ, ಕೊನೆಗೆ ಹ್ಯಾಚ್. ಮೇಲಿಂದ ಶುರುಮಾಡಿದರೆ ನೀರು ಎಲ್ಲದರ ಮೇಲೂ ಹರಿದು ಏನೂ ತಿಳಿಯುವುದಿಲ್ಲ. ಒಂದೊಂದು ಜಾಗಕ್ಕೆ ಕನಿಷ್ಠ ಹತ್ತು ನಿಮಿಷ ಕೊಡಿ. ದೋಣಿಯೊಳಗೆ ನೀರು ಕಾಣಲು ಕೆಲವೊಮ್ಮೆ ಅಷ್ಟು ಹೊತ್ತು ಬೇಕು. ಇಲ್ಲಿ ಅವಸರ ಮಾಡಿದವರೇ ತಪ್ಪು ಜಾಗಕ್ಕೆ ಸೀಲಂಟ್ ಹಚ್ಚುವುದು. ದಡದ ಕರೆಂಟ್ ತಂತಿಯನ್ನು ಈ ಕೆಲಸ ಮುಗಿಯುವವರೆಗೆ ತೆಗೆದಿಡಿ.

ಹೋಸಿಗೂ ಸಿಗದ ಸೋರಿಕೆಗೆ ಗಾಳಿಯ ಪರೀಕ್ಷೆ ಇದೆ. ಇದು ನನಗೆ ಬಹಳ ಇಷ್ಟ. ಎಲೆ ಗುಡಿಸುವ ಬ್ಯಾಟರಿ ಬ್ಲೋವರನ್ನು ಒಂದು ಹ್ಯಾಚಿನ ಬಾಯಿಗೆ ರಟ್ಟು ಮತ್ತು ಟೇಪಿನಿಂದ ಕೂರಿಸಿ, ಗಾಳಿ ಒಳಗೆ ಹೋಗುವಂತೆ ಇಡಿ. ಉಳಿದ ಗಾಳಿಕಿಂಡಿಗಳಿಗೆ ಟೇಪ್ ಹಾಕಿ, ಸೀಕಾಕ್ ಮುಚ್ಚಿ. ಕಮ್ಮಿ ವೇಗ ಸಾಕು. ಈಗ ಪಾತ್ರೆ ಸೋಪಿನ ನೀರನ್ನು ಸ್ಪ್ರೇ ಬಾಟಲಿಯಲ್ಲಿ ತುಂಬಿ ಡೆಕ್ಕಿನ ಪ್ರತಿ ಬೋಲ್ಟಿಗೆ, ಪ್ರತಿ ಕಿಟಕಿಯ ಅಂಚಿಗೆ ಹೊಡೆಯಿರಿ. ಟ್ಯೂಬ್ ಪಂಕ್ಚರ್ ಹುಡುಕುವ ಹಾಗೆಯೇ. ಗುಳ್ಳೆ ಎದ್ದ ಕಡೆ ಟೇಪ್ ತುಂಡು ಅಂಟಿಸಿ ಅಂಕಿ ಬರೆಯಿರಿ. ನೀರು ಒಳಗೆ ಎಲ್ಲೆಲ್ಲೋ ಸುತ್ತಬಹುದು, ಗುಳ್ಳೆ ಮಾತ್ರ ತೂತಿನ ಬಾಯಲ್ಲೇ ಏಳುತ್ತದೆ. ನಮ್ಮ ದೋಣಿಯಲ್ಲಿ ಒಂದೇ ಮಧ್ಯಾಹ್ನ ಹನ್ನೊಂದು ಜಾಗ ಸಿಕ್ಕವು. ಅದರಲ್ಲಿ ಏಳು ಬೇಲಿ ಕಂಬದ ಬುಡದಲ್ಲೇ.

ಯಾವ ಸೀಲಂಟ್ ಎಲ್ಲಿಗೆ

ಅಂಗಡಿಗೆ ಹೋದರೆ ಟ್ಯೂಬುಗಳ ಗೋಡೆಯೇ ಇರುತ್ತದೆ. ತಿಳಿದಿರಬೇಕಾದ್ದು ಸ್ವಲ್ಪವೇ.

ಡೆಕ್ಕಿನ ಮೇಲೆ ಬೋಲ್ಟ್ ಹಾಕಿ ಕೂರಿಸುವ ಲೋಹದ ಸಾಮಾನಿಗೆ ಬ್ಯುಟೈಲ್ ಟೇಪ್. ಇದು ಚ್ಯೂಯಿಂಗ್ ಗಮ್ಮಿನಂಥ ಅಂಟು ಪಟ್ಟಿ, ಎಂದೂ ಗಟ್ಟಿಯಾಗುವುದಿಲ್ಲ, ದೋಣಿ ಅಲುಗಿದಂತೆ ಎಳೆಯುತ್ತದೆ, ಮುಂದೆ ಬಿಚ್ಚುವುದೂ ಸುಲಭ. ನೀರಿನ ಮಟ್ಟದ ಕೆಳಗೆ ಮತ್ತು ಪೆಟ್ರೋಲ್, ಡೀಸೆಲ್ ತಾಗುವ ಕಡೆ ಬೇಡ.

ನೀರಿನ ಮಟ್ಟದ ಕೆಳಗೆ ಪಾಲಿಯುರೆಥೇನ್ ಅಥವಾ ಪಾಲಿಸಲ್ಫೈಡ್. ಪಾಲಿಯುರೆಥೇನಿನಲ್ಲಿ 3ಎಂ ಕಂಪನಿಯ 5200 ಎಲ್ಲರಿಗೂ ಗೊತ್ತು. ಅದು ಸೀಲಂಟಿಗಿಂತ ಅಂಟು ಎನ್ನುವುದೇ ಸರಿ. ಮತ್ತೆ ಬಿಚ್ಚಬೇಕಾಗುವ ಯಾವುದಕ್ಕೂ ಹಚ್ಚಬೇಡಿ. ಬಿಚ್ಚುವಾಗ ಫೈಬರ್‌ಗ್ಲಾಸಿನ ಮೇಲ್ಪದರವೇ ಕಿತ್ತು ಬರುತ್ತದೆ. ಅದೇ ಕಂಪನಿಯ 4200 ಸ್ವಲ್ಪ ಮೃದು. ಪಾಲಿಸಲ್ಫೈಡನ್ನು ಅಕ್ರಿಲಿಕ್, ಪಾಲಿಕಾರ್ಬೊನೇಟ್, ಎಬಿಎಸ್ ಪ್ಲಾಸ್ಟಿಕ್ಕಿಗೆ ತಾಗಿಸಬೇಡಿ, ಪ್ಲಾಸ್ಟಿಕ್ ಕೆಡುತ್ತದೆ.

ಸಿಲಿಕೋನ್ ಕಿಟಕಿಯ ಅಕ್ರಿಲಿಕ್‌ಗೆ ಮಾತ್ರ. ಬೇರೆ ಕಡೆ ಅದನ್ನು ತರಬೇಡಿ. ಅದರ ಕಣ್ಣಿಗೆ ಕಾಣದ ಪದರ ಉಳಿದ ಕಡೆ ಮುಂದೆ ಬಣ್ಣವೂ ಹಿಡಿಯುವುದಿಲ್ಲ, ಬೇರೆ ಸೀಲಂಟೂ ಹಿಡಿಯುವುದಿಲ್ಲ. ನಮ್ಮ ದೋಣಿಯ ಹಿಂದಿನ ಮಾಲೀಕರೊಬ್ಬರು ಪ್ರತಿ ಬೋಲ್ಟಿನ ಸುತ್ತ ಹೊರಗಿನಿಂದ ಸಿಲಿಕೋನ್ ಬಳಿದಿದ್ದರು. ಅದನ್ನು ಕೆರೆದು ತೆಗೆಯಲು ಹಿಡಿದಷ್ಟು ದಿನ ಉಳಿದ ಎಲ್ಲ ರಿಪೇರಿಗೆ ಸೇರಿ ಹಿಡಿಯಲಿಲ್ಲ. ಹೊರಗೆ ಬಳಿದ ಸೀಲಂಟ್ ಇನ್ನೊಂದು ಕೆಡುಕನ್ನೂ ಮಾಡುತ್ತದೆ. ಒಂದು ಕಡೆಯಿಂದ ಒಳಗೆ ಹೋದ ನೀರು ಹೊರಬರದಂತೆ ತಡೆದು ಡೆಕ್ಕಿನೊಳಗೇ ಕೂಡಿಹಾಕುತ್ತದೆ.

ಬೇಲಿ ಕಂಬ ಬಿಚ್ಚಿ ಕೂರಿಸುವುದು

ಇದನ್ನು ವಿವರವಾಗಿ ಹೇಳುತ್ತೇನೆ. ಇದೊಂದು ಬಂದರೆ ಹಗ್ಗ ಕಟ್ಟುವ ಕ್ಲೀಟ್, ಹಳಿ, ಕೈಯಾಸರೆಯ ಕಂಬಿ, ಹಗ್ಗ ಎಳೆಯುವ ವಿಂಚ್ ಎಲ್ಲ ಬಂದಂತೆ.

ಬೇಲಿ ಕಂಬ, ಅಂದರೆ ಸ್ಟ್ಯಾಂಚನ್, ಸುಮಾರು ಎರಡು ಅಡಿ ಎತ್ತರ. ಅದರ ಬುಡ ಒಂದು ಅಂಗೈಯಷ್ಟು. ದೋಣಿ ಹತ್ತುವಾಗ ಜನ ಅದನ್ನೇ ಹಿಡಿದು ಎಳೆಯುತ್ತಾರೆ. ಮೇಲೆ ಸ್ವಲ್ಪ ಎಳೆದರೆ ಬುಡದಲ್ಲಿ ಹಲವು ಪಟ್ಟು ಬಲ ಬೀಳುತ್ತದೆ. ಹಾಗಾಗಿ ಸೀಲಂಟ್ ಬಿಡುವುದು ಇಲ್ಲೇ ಮೊದಲು.

ಇನ್ನೊಂದು ವಿಷಯ ಗೊತ್ತಿರಬೇಕು. ಡೆಕ್ ಒಂದೇ ದಪ್ಪ ಹಾಳೆಯಲ್ಲ. ಮೇಲೊಂದು ಫೈಬರ್‌ಗ್ಲಾಸ್ ಪದರ, ಕೆಳಗೊಂದು, ನಡುವೆ ಪ್ಲೈವುಡ್ ಅಥವಾ ಬಾಲ್ಸಾ ಮರ. ಬೋಲ್ಟಿನ ತೂತಿಗೆ ನೀರು ಇಳಿದರೆ ನಡುವಿನ ಮರ ಕುಡಿದು ಕೊಳೆಯುತ್ತದೆ. ಹಾಸಿಗೆ ಒದ್ದೆಯಾಗುವುದು ಕಾಣುತ್ತದೆ, ಇದು ಕಾಣುವುದಿಲ್ಲ. ನಿಜವಾದ ನಷ್ಟ ಇದು. ಅದಕ್ಕೇ ಬರೀ ಸೀಲಂಟ್ ಸಾಲದು. ಇನ್ನೊಮ್ಮೆ ಸೋರಿದರೂ ಮರಕ್ಕೆ ನೀರು ತಾಗದಂತೆ ತೂತಿನ ಸುತ್ತ ಎಪಾಕ್ಸಿಯ (ಎರಡು ದ್ರವ ಕಲಸಿದರೆ ಗಟ್ಟಿಯಾಗುವ ಅಂಟು) ಗೋಡೆ ಕಟ್ಟಬೇಕು.

ಒಳಗಿನಿಂದ ನಟ್ ಬಿಚ್ಚಿ, ಕಂಬದ ಬುಡವನ್ನು ತೆಳು ಪುಟ್ಟಿ ಚಾಕುವಿನಿಂದ ನಿಧಾನ ಎಬ್ಬಿಸಿ. ಹಳೆಯ ಸೀಲಂಟನ್ನು ಪ್ಲಾಸ್ಟಿಕ್ ಬ್ಲೇಡಿನಿಂದ ಕೆರೆಯಿರಿ. ತೂತಿನೊಳಗೆ ಕಡ್ಡಿ ಹಾಕಿ ಮರ ಹೇಗಿದೆ ನೋಡಿ. ಒಣಗಿ ತಿಳಿಬಣ್ಣ ಇದ್ದರೆ ನೀವು ಅದೃಷ್ಟವಂತರು. ಒದ್ದೆ ಇದ್ದರೆ ಒಣಗುವವರೆಗೆ ಕಾಯಲೇಬೇಕು. ಮೇಲೆ ಟೆಂಟಿನ ಹಾಗೆ ಟಾರ್ಪಾಲ್ ಕಟ್ಟಿ ಗಾಳಿ ಆಡಲು ಬಿಡಿ. ಸ್ಯಾನ್ ಫ್ರಾನ್ಸಿಸ್ಕೊ ಕಡೆ ಮೇ ಮುಗಿದರೆ ಅಕ್ಟೋಬರ್ ವರೆಗೆ ಮಳೆ ಇಲ್ಲವೆಂದೇ ಹೇಳಬಹುದು, ಆಗ ಈ ಕೆಲಸ ಹಿಡಿಯಿರಿ. ವಾರಗಟ್ಟಲೆ ಬೇಕಾಗಬಹುದು. ಒದ್ದೆ ಮರದ ಮೇಲೆ ಎಪಾಕ್ಸಿ ಹಿಡಿಯುವುದಿಲ್ಲ.

ಒಣಗಿದ ಮೇಲೆ, ಕಾಲು ಅಂಗುಲದ ಬೋಲ್ಟ್ ಇದ್ದರೆ ಮೇಲಿನ ಪದರ ಮತ್ತು ಮರವನ್ನು ಅರ್ಧ ಅಂಗುಲಕ್ಕೆ ಕೊರೆಯಿರಿ. ಕೆಳಗಿನ ಪದರವನ್ನು ಹಾಗೇ ಬಿಡಿ. ಒಂದು ಮೊಳೆಯನ್ನು ಬಾಗಿಸಿ ಡ್ರಿಲ್ಲಿಗೆ ಕಚ್ಚಿಸಿ, ಎರಡು ಪದರಗಳ ನಡುವೆ ತಿರುಗಿಸಿದರೆ ಸುತ್ತಲಿನ ಮರ ಇನ್ನಷ್ಟು ಹೊರಬರುತ್ತದೆ. ಕಣ್ಣಿಗೆ ಕನ್ನಡಕ ಇರಲಿ. ಪುಡಿಯನ್ನು ವ್ಯಾಕ್ಯೂಮಿನಿಂದ ಎಳೆದು ತೆಗೆಯಿರಿ.

ಕೆಳಗಿನ ತೂತಿಗೆ ಟೇಪ್ ಬಿಗಿಯಾಗಿ ಅಂಟಿಸಿ. ಎಪಾಕ್ಸಿ ಕಲಸಿ. ವೆಸ್ಟ್ ಸಿಸ್ಟಂ ಬ್ರ್ಯಾಂಡಿನ 105 ರೆಸಿನ್ನಿಗೆ (ಮೂಲ ಅಂಟು) 205 ಹಾರ್ಡನರ್ (ಗಟ್ಟಿಮಾಡುವ ದ್ರವ) 5ಕ್ಕೆ 1ರ ಪ್ರಮಾಣ. ಬೇಗ ಗಟ್ಟಿಯಾಗಲೆಂದು ಹಾರ್ಡನರ್ ಜಾಸ್ತಿ ಹಾಕಿದರೆ ಎಂದೂ ಸರಿಯಾಗಿ ಗಟ್ಟಿಯಾಗುವುದಿಲ್ಲ. ಸ್ವಲ್ಪ ಸ್ವಲ್ಪವೇ ಕಲಸಿ. 205 ಹತ್ತೇ ನಿಮಿಷದಲ್ಲಿ ಬಟ್ಟಲಲ್ಲೇ ಬಿಸಿಯಾಗಿ ಗಟ್ಟಿಯಾಗಲು ಶುರುವಾಗುತ್ತದೆ. ಮೊದಲು ತೆಳುವಾಗಿಯೇ ತೂತಿಗೆ ತುಂಬಿ ಕೆಲವು ನಿಮಿಷ ಬಿಟ್ಟು, ಮರ ಕುಡಿದು ಉಳಿದದ್ದನ್ನು ಸಿರಿಂಜಿನಿಂದ ಎಳೆದುಬಿಡಿ. ಆಮೇಲೆ ಹೊಸದಾಗಿ ಕಲಸಿ, ಅದಕ್ಕೆ ಸಿಲಿಕಾ ಪುಡಿ ಹಾಕಿ ಇಡ್ಲಿ ಹಿಟ್ಟಿಗಿಂತ ಗಟ್ಟಿ ಮಾಡಿ, ಗುಳ್ಳೆ ಉಳಿಯದಂತೆ ತುಂಬಿ. ಕೈಗವಸು ಹಾಕಿಕೊಳ್ಳಿ. ಸಿಲಿಕಾ ಪುಡಿ ಬೆರೆಸುವಾಗ ಮುಖಕ್ಕೆ ಮಾಸ್ಕ್ ಇರಲಿ.

ಮಾರನೆಯ ದಿನ ಮೇಲ್ಮೈ ಮೇಣದ ಹಾಗೆ ಜಾರುತ್ತಿದ್ದರೆ ನೀರು ಮತ್ತು ಒರಟು ಪ್ಯಾಡಿನಿಂದ ತೊಳೆಯಿರಿ, ಆಮೇಲೆ ಸ್ಯಾಂಡ್‌ಪೇಪರ್. ಕಂಬದ ಬುಡವನ್ನೇ ಅಚ್ಚಾಗಿಟ್ಟು ಎಪಾಕ್ಸಿಯ ನಡುವೆ ಕಾಲು ಅಂಗುಲದ ತೂತು ಕೊರೆಯಿರಿ. ತೂತಿನ ಬಾಯನ್ನು ಸ್ವಲ್ಪ ಇಳಿಜಾರಾಗಿ ಅಗಲ ಮಾಡಿ. ಬ್ಯುಟೈಲ್ ಅಲ್ಲಿ ಬೋಲ್ಟಿನ ಸುತ್ತ ಉಂಗುರದ ಹಾಗೆ ಕೂರುತ್ತದೆ. ಈ ಒಂದು ಚಿಕ್ಕ ಇಳಿಜಾರು ಮಾಡುವ ಉಪಕಾರ ದೊಡ್ಡದು, ಬಿಡಬೇಡಿ.

ಡೆಕ್ಕನ್ನೂ ಲೋಹವನ್ನೂ ಆಲ್ಕೋಹಾಲಿನಿಂದ ಒರೆಸಿ. ಬ್ಯುಟೈಲನ್ನು ಬುಡದ ಅಡಿಗೆ ಹಾಸಿ, ಬೋಲ್ಟಿನ ತಲೆಯ ಕೆಳಗೆ ಬತ್ತಿ ಹೊಸೆದ ಹಾಗೆ ಹೊಸೆದು ಸುತ್ತಿ. ಒಳಗೆ ಚಿಕ್ಕ ವಾಶರ್ ಬದಲು ಅಂಗೈಯಗಲದ ಅಲ್ಯುಮಿನಿಯಂ ಅಥವಾ ಫೈಬರ್‌ಗ್ಲಾಸ್ ತಟ್ಟೆ ಹಾಕಿ. ಬಿಗಿಮಾಡುವಾಗ ಮೇಲಿನವರು ಬೋಲ್ಟ್ ತಿರುಗದಂತೆ ಹಿಡಿಯಬೇಕು, ಒಳಗಿನವರು ನಟ್ ಮಾತ್ರ ತಿರುಗಿಸಬೇಕು. ಬೋಲ್ಟ್ ತಿರುಗಿದರೆ ಸುತ್ತಿದ ಬ್ಯುಟೈಲ್ ಹರಿದುಹೋಗುತ್ತದೆ. ಒಂದೇ ಸಲ ಪೂರ್ತಿ ಬಿಗಿಮಾಡಬೇಡಿ. ಅಂಟು ಅಂಚಿನಿಂದ ಹೊರಬರುವಷ್ಟು ಬಿಗಿಮಾಡಿ ಬಿಟ್ಟು, ಬಿಸಿಲಿನ ದಿನ ಮತ್ತೆ ಬಿಗಿಮಾಡಿ. ಒಂದು ವಾರದಲ್ಲಿ ಮೂರು ನಾಲ್ಕು ಸಲ. ಹೊರಬರುವುದು ನಿಂತ ಮೇಲೆ ಅಂಚನ್ನು ಪ್ಲಾಸ್ಟಿಕ್ ಚಾಕುವಿನಿಂದ ಕತ್ತರಿಸಿ.

ಚೈನ್‌ಪ್ಲೇಟ್: ಸೋರಿಕೆಗಿಂತ ದೊಡ್ಡ ಅಪಾಯ

ಹಾಯಿಕಂಬವನ್ನು ನಿಲ್ಲಿಸಿರುವ ಉಕ್ಕಿನ ತಂತಿಗಳು ಡೆಕ್ ಸೀಳಿಕೊಂಡು ಹೋಗುವ ಲೋಹದ ಪಟ್ಟಿಗಳಿಗೆ ಕಟ್ಟಿರುತ್ತವೆ. ಅವೇ ಚೈನ್‌ಪ್ಲೇಟ್. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದಿರುವುದು ಗಾಳಿಯ ಆಮ್ಲಜನಕ ಅದರ ಮೇಲೆ ತೆಳು ಪೊರೆ ಕಟ್ಟುವುದರಿಂದ. ಡೆಕ್ಕಿನ ಸೀಳಿನಲ್ಲಿ ನೀರು ನಿಂತು ಗಾಳಿ ಇಲ್ಲದಿದ್ದರೆ ಆ ಪೊರೆ ಉಳಿಯುವುದಿಲ್ಲ. ಮೇಲೆಯೂ ಕೆಳಗೆಯೂ ಹೊಳೆಯುವ ಪಟ್ಟಿ ನಡುವೆ ಅರ್ಧ ತಿಂದುಹೋಗಿರಬಹುದು. ಅದು ತುಂಡಾದರೆ ಹಾಯಿಕಂಬವೇ ಬೀಳುತ್ತದೆ.

ಹಾಗಾಗಿ ಅಲ್ಲಿ ಕಂದು ನೀರು ಜಿನುಗಿದರೆ ಮೇಲಿಂದ ಸೀಲಂಟ್ ಹಚ್ಚಿ ಬಿಡಬೇಡಿ. ಗಾಳಿಯಿಲ್ಲದ ದಿನ, ದಡಕ್ಕೆ ಕಟ್ಟಿದ ದೋಣಿಯಲ್ಲಿ, ಹಾಯಿ ಏರಿಸುವ ಹಗ್ಗವನ್ನು ಅದೇ ಬದಿಯ ಗಟ್ಟಿ ಜಾಗಕ್ಕೆ ಬಿಗಿದು ಹಾಯಿಕಂಬಕ್ಕೆ ಆಧಾರ ಕೊಡಿ. ಆಮೇಲೆ ಒಂದು ಪಟ್ಟಿ ಮಾತ್ರ ಬಿಚ್ಚಿ. ಒಂದನ್ನು ಹಾಕಿ ಮುಗಿಸಿಯೇ ಇನ್ನೊಂದು. ಭೂತಗನ್ನಡಿಯಲ್ಲಿ ಬಿರುಕು, ಚುಕ್ಕೆ ಗುಳಿ ಹುಡುಕಿ. ಕಂಡರೆ ಹೊಸದು ಮಾಡಿಸಿ. ಸೀಳಿನ ಸುತ್ತಲಿನ ಮರಕ್ಕೂ ಮೇಲೆ ಹೇಳಿದ ಹಾಗೆ ಎಪಾಕ್ಸಿ ಗೋಡೆ ಕಟ್ಟಿ.

ಕಿಟಕಿಗಳು

ಅಕ್ರಿಲಿಕ್ ಬಿಸಿಲಿಗೆ ಹಿಗ್ಗುತ್ತದೆ. ಒಂದು ಮೀಟರ್ ಉದ್ದದ ತುಂಡು 20 ಡಿಗ್ರಿ ಬಿಸಿಯಾದರೆ ಸುಮಾರು 1.4 ಮಿ.ಮೀ. ಬೆಳೆಯುತ್ತದೆ. ಅದಕ್ಕೆ ಜಾಗ ಕೊಡದೆ ಬಿಗಿದರೆ ಬಿರುಕು ಬಿಡುತ್ತದೆ, ಇಲ್ಲವೇ ಸೀಲಂಟನ್ನು ಕಿತ್ತುಕೊಳ್ಳುತ್ತದೆ. ಚೌಕಟ್ಟಿಗಿಂತ ಸುತ್ತಲೂ ಎರಡು ಮೂರು ಮಿ.ಮೀ. ಚಿಕ್ಕದಾಗಿ ಕತ್ತರಿಸಿ, ನಡುವೆ ದಪ್ಪ ಸಿಲಿಕೋನ್ ಇರಲಿ. ಡೌಸಿಲ್ 795 ಎಂಬ ಸಿಲಿಕೋನ್ ಈ ಕೆಲಸಕ್ಕೆ ಹೆಚ್ಚಾಗಿ ಬಳಸುವುದು. ಒತ್ತಿ ಒತ್ತಿ ಎಲ್ಲ ಹೊರಗೆ ಹಿಂಡಬೇಡಿ. ತೆಳುವಾದ ಪದರ ಎಳೆತ ತಾಳುವುದಿಲ್ಲ. ಅಕ್ರಿಲಿಕ್ಕನ್ನು ಅಸಿಟೋನಿನಿಂದ ಒರೆಸಿದರೆ ಜೇಡರ ಬಲೆಯಂಥ ಬಿರುಕು ಬರುತ್ತದೆ, ಸೋಪು ನೀರು ಸಾಕು. ತೆರೆಯುವ ಕಿಟಕಿಯಾದರೆ ಮೊದಲು ಅದರ ರಬ್ಬರ್ ಬದಲಿಸಿ ನೋಡಿ. ಅಷ್ಟಕ್ಕೇ ನಿಲ್ಲುವುದೂ ಉಂಟು.

ಡೆಕ್ ಕೊಳೆತಿದ್ದರೆ

ಸುತ್ತಿಗೆಯ ಪ್ಲಾಸ್ಟಿಕ್ ಹಿಡಿಯಿಂದ ಡೆಕ್ಕನ್ನು ಅಂಗೈಯಗಲ ದೂರಕ್ಕೊಮ್ಮೆ ತಟ್ಟುತ್ತ ಹೋಗಿ. ಗಟ್ಟಿ ಇರುವ ಕಡೆ ಟಕ್ ಎನ್ನುತ್ತದೆ. ಕೊಳೆತ ಕಡೆ ಮಂಕಾದ ಸದ್ದು. ಕಳಿತ ಹಲಸಿನಹಣ್ಣನ್ನು ತಟ್ಟಿ ನೋಡಿದವರ ಕಿವಿಗೆ ಈ ವ್ಯತ್ಯಾಸ ಬೇಗ ಗೊತ್ತಾಗುತ್ತದೆ. ಪೆನ್ಸಿಲಿನಲ್ಲಿ ಗಡಿ ಗುರುತು ಮಾಡಿ.

ಅಂಗೈಗಿಂತ ಚಿಕ್ಕದಾದರೆ ಬೋಲ್ಟಿನ ತೂತಿಂದಲೇ ಕೆರೆದು ತುಂಬಬಹುದು. ದೊಡ್ಡದಾದರೆ ತೂತು ಕೊರೆದು ಎಪಾಕ್ಸಿ ಚುಚ್ಚುವ ಉಪಾಯ ಬಹಳ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಒದ್ದೆ ಮರದ ನಡುವೆ ಎಪಾಕ್ಸಿ ಎಲ್ಲಿಗೆ ಹೋಯಿತು ಎಂದು ಯಾರಿಗೂ ಕಾಣುವುದಿಲ್ಲ. ಮೇಲಿನ ಪದರವನ್ನು ಕತ್ತರಿಸಿ ಎತ್ತಿ, ಕೊಳೆತ ಮರ ತೆಗೆದು, ಹೊಸ ಮರಕ್ಕೆ ಎಲ್ಲ ಕಡೆ ಎಪಾಕ್ಸಿ ಹಚ್ಚಿ ಕೂರಿಸಿ, ಪದರವನ್ನು ಮತ್ತೆ ಮುಚ್ಚಿ. ಕತ್ತರಿಸಿದ ಅಂಚನ್ನು ದಪ್ಪದ 12 ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಿ ಗಾಜಿನ ಬಟ್ಟೆ ಹಾಕಬೇಕು. ಪದರ 3 ಮಿ.ಮೀ. ಇದ್ದರೆ ಇಳಿಜಾರು 36 ಮಿ.ಮೀ. ಇದು ಒಂದು ಬೇಸಿಗೆಯ ಕೆಲಸ. ಡೆಕ್ಕಿನ ಅರ್ಧಕ್ಕಿಂತ ಜಾಸ್ತಿ ಕೊಳೆತಿದ್ದರೆ, ದೋಣಿ ಕೊಳ್ಳುವ ಮುಂಚೆಯೇ ಗೊತ್ತಾದರೆ, ಕೊಳ್ಳಬೇಡಿ.

ಮುಗಿದ ಮೇಲೆ

ಲೈನರನ್ನು ತಕ್ಷಣ ಮುಚ್ಚಬೇಡಿ. ಮತ್ತೆ ಹೋಸ್ ಹಿಡಿದು, ಕೆಳಗಿನಿಂದ ಮೇಲಕ್ಕೆ, ಅದೇ ಹತ್ತು ನಿಮಿಷದ ಲೆಕ್ಕದಲ್ಲಿ ಪರೀಕ್ಷಿಸಿ. ಮರೀನಾದಲ್ಲಿ ನಿಂತ ದೋಣಿಯಲ್ಲಿ ಒಣಗಿದ್ದದ್ದು ಗೋಲ್ಡನ್ ಗೇಟ್ ಜಲಸಂಧಿಯಿಂದ ಬರುವ ಮಧ್ಯಾಹ್ನದ ಗಾಳಿಗೆ ವಾಲಿದಾಗ ಸೋರಬಹುದು, ಯಾಕೆಂದರೆ ಆಗ ಹಲ್ ಕೂಡ ಸ್ವಲ್ಪ ಬಾಗುತ್ತದೆ. ಒಂದು ಸಲ ಹಾಯಿ ಎತ್ತಿ ಎರಡೂ ಬದಿಗೆ ವಾಲಿಸಿ ಬನ್ನಿ. ಒಳಗೆ ಟಿಶ್ಯೂ ಅಂಟಿಸಿಯೇ ಹೋಗಿ.

ನಮ್ಮ ದೋಣಿಯ ಎಡಗಡೆಯ ಲೈನರನ್ನು ನಾವು ನವೆಂಬರಿನ ಮೊದಲ ದೊಡ್ಡ ಮಳೆ ಕಳೆಯುವವರೆಗೆ ತೆರೆದೇ ಇಟ್ಟಿದ್ದೆವು. ಬೆಳಿಗ್ಗೆ ಹೋಗಿ ನೋಡಿದರೆ ಹನ್ನೊಂದು ಟಿಶ್ಯೂಗಳಲ್ಲಿ ಹತ್ತು ಒಣಗಿದ್ದವು. ಹನ್ನೊಂದನೆಯದು ಮುಂದಿನ ಹ್ಯಾಚಿನ ಬಲಮೂಲೆಯಲ್ಲಿ, ಉಗುರಿನಷ್ಟು ಒದ್ದೆ. ನೋಟ್‌ಬುಕ್ಕಿನಲ್ಲಿ ತಾರೀಕು ಬರೆದು ಟಾರ್ಚ್ ತೆಗೆದುಕೊಂಡೆ.